ಎರಡು ಕೆಜಿ ಆಗುವ ತನಕ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಕಾಶಮ್ಮನಿಗೆ ಹೇಳಿಕಳಿಸುತ್ತಿದ್ದರು. ಅವಳು ಬಂದು ಬಚ್ಚಲಲ್ಲಿ ಮಣೆ ಹಾಕಿ, ಸೀರೆಯನ್ನು ಮೊಣಕಾಲ ಮೇಲೆ ಸಿಕ್ಕಿಸಿ, ಎರಡು ಕಾಲೂ ನೀಡಿ ಕೂರುವಳು. ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳುವ ಮುಂಚೆ ನೀರಿಗೆ ಮೊಣಕೈ ಅದ್ದಿ ನೋಡುವಳು. ಬೆರಳು ಅದ್ದುವುದಿಲ್ಲ. ಒಲೆ ಮುಂದೆ ಜಡ್ಡುಗಟ್ಟಿದ ಬೆರಳು ಸುಳ್ಳು ಹೇಳುತ್ತದೆ, ಮೊಣಕೈ ಹೇಳುವುದಿಲ್ಲ ಎನ್ನುವುದು ಅವಳ ಮಾತು. ಕಾರ್ಖಾನೆಯಲ್ಲಿದ್ದ ಗಂಡ ಉಜ್ಜನಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಕ್ಕಳಿಗೆ ನೀರು ಹಾಕಲು ಹಿಡಿದು ನಲವತ್ತೊಂದು ವರ್ಷ.

ಅವಳು ನೀರು ಹಾಕಿದ ಹುಡುಗನೊಬ್ಬ ಶಿವಮೊಗ್ಗದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಒಮ್ಮೆ ಅವನು "ಅಜ್ಜಿ, ಆಧಾರ್ ಕಾರ್ಡ್ ತೋರ್ಸಿ" ಅಂದ.

"ನಿನ್ನ ಕುಂಡಿ ತೊಳ್ದ ಕೈ ಕಣೋ ಇದು. ನನ್ನ ಗುರುತಿಗೆ ಕಾರ್ಡ್ ಬೇಕೇನೋ?" ಅಂದಳು ಕಾಶಮ್ಮ. ಇಡೀ ಬಸ್ಸು ನಕ್ಕಿತು. ಅವನು ತಲೆ ಕೆರೆದುಕೊಂಡು ಟಿಕೆಟ್ ಹರಿದುಕೊಟ್ಟ.

ಇಷ್ಟೆಲ್ಲ ಇದ್ದೂ ಸ್ವಂತ ಮಗಳ ಕೂಸಿಗೆ ನೀರು ಹಾಕುವ ಭಾಗ್ಯ ಅವಳಿಗೆ ಬಂದಿರಲಿಲ್ಲ. ಮಗಳು ಪ್ರಿಯದರ್ಶಿನಿಯನ್ನು ಶಿವಮೊಗ್ಗದ ಕೋಟೆಯ ಹತ್ತಿರ ಕೊಟ್ಟಿತ್ತು. ಅಳಿಯ ಮಲ್ಲಿಕ್ ಅಡಿಕೆ ಮಂಡಿಯಲ್ಲಿ ಗುಮಾಸ್ತ. ಮದುವೆಯಾಗಿ ಏಳು ವರ್ಷಕ್ಕೆ ಮಗಳು ಬಸುರಾದಳು. ಸ್ಕ್ಯಾನಿಂಗಿನಲ್ಲಿ ಎರಡು ಕಂಡವು.

"ಅಮ್ಮ, ಎರಡಕ್ಕೂ ನೀನೇ ನೀರು ಹಾಕ್ಬೇಕು. ಬೇರೆ ಯಾರ ಕೈಗೂ ಕೊಡಲ್ಲ" ಎಂದು ಮಗಳು ಫೋನಿನಲ್ಲೇ ಹೇಳಿದ್ದಳು. ಆವತ್ತಿನಿಂದ ಕಾಶಮ್ಮನಿಗೆ ಅದೊಂದೇ ಧ್ಯಾನ.

ಎಂಟನೇ ತಿಂಗಳಲ್ಲಿ ಡಾಕ್ಟರಮ್ಮ ಮುಂದಿನ ಮಗು ಅಡ್ಡ ಮಲಗಿದೆ, ಹಿಂದಿನದು ಸರಿಯಾಗಿ ಬೆಳೆಯುತ್ತಿಲ್ಲ, ನೋವು ಬರುವ ತನಕ ಕಾಯುವುದು ಬೇಡ ಎಂದು ಹೇಳಿ, ಮೂವತ್ತಾರು ವಾರ ತುಂಬುವ ಸೋಮವಾರಕ್ಕೆ ಆಪರೇಷನ್ ಗೊತ್ತು ಮಾಡಿದರು.

"ಹೆರಿಗೆಗೂ ಮೊದ್ಲೇ ಡೇಟ್ ಕೊಡ್ತಾರೇನ್ರೀ?" ಎಂದು ಕಾಶಮ್ಮ ಅಳಿಯನನ್ನು ಕೇಳಿದಳು.

"ರಿಸರ್ವೇಷನ್ ಅತ್ತೆ. ಎರಡು ಸೀಟು, ಒಂದೇ ಬೋಗಿ."

"ನಿಮಗೆ ತಮಾಷೆ. ಕೊಯ್ಯೋದು ನನ್ನ ಮಗಳ ಹೊಟ್ಟೆ" ಎಂದಳು. ಆದರೂ ಸೋಮವಾರ ಶಿವನ ವಾರ ಎಂದು ಒಳಗೊಳಗೇ ಸಮಾಧಾನಪಟ್ಟಳು. ತನ್ನ ಹಳೆಯ ನೂಲಿನ ಸೀರೆಗಳನ್ನು ಹರಿದು, ಕುದಿಸಿ, ಬಿಸಿಲಿಗೆ ಹಾಕಿ ಮಡಿಸಿಟ್ಟಳು. ಹರಳೆಣ್ಣೆ, ಬಜೆ, ತೇಯಲು ಸಾಣೆಕಲ್ಲು ಎಲ್ಲ ಚೀಲ ಸೇರಿದವು.

ಆ ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಪ್ರಿಯದರ್ಶಿನಿಯನ್ನು ಒಳಗೆ ಕರೆದುಕೊಂಡು ಹೋದರು. ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ, ಎಚ್ಚರ ಇರುತ್ತದೆ, ನೋವು ತಿಳಿಯುವುದಿಲ್ಲ ಎಂದು ನರ್ಸ್ ಸ್ಫೂರ್ತಿ ವಿವರಿಸಿದ್ದಳು. ನೋವಿಲ್ಲದೆ ಹೆರುವುದು ಹೇಗೆಂದು ಕಾಶಮ್ಮನಿಗೆ ತಲೆಗೆ ಹೋಗಲಿಲ್ಲ. ಬಾಗಿಲನ್ನೇ ನೋಡುತ್ತ ವಿಭೂತಿಯ ಉಂಡೆಯನ್ನು ಹಿಡಿದು ಕೂತಳು. ಮುಕ್ಕಾಲು ಗಂಟೆಯಾಗಿರಬೇಕು, ಒಳಗೊಂದು ಅಳು ಕೇಳಿತು, ಗಟ್ಟಿ ಅಳು. ಸ್ವಲ್ಪ ತಡೆದು ಇನ್ನೊಂದು, ಬೆಕ್ಕಿನ ಮರಿಯದಷ್ಟು ಸಣ್ಣದು.

ಎರಡೂ ಹೆಣ್ಣು. ದೊಡ್ಡದು ಎರಡೂಕಾಲು ಕೆಜಿ. ಚಿಕ್ಕದು ಒಂದು ಕೆಜಿ ಏಳುನೂರು ಗ್ರಾಂ.

"ಚಿಕ್ಕದಕ್ಕೆ ಎರಡು ಕೆಜಿ ಆಗೋ ತನಕ ಸ್ನಾನ ಇಲ್ಲ ಅಜ್ಜಿ. ಎಣ್ಣೆ ಬೇಡ, ಸಾಂಬ್ರಾಣಿ ಹೊಗೆಯಂತೂ ಬೇಡವೇ ಬೇಡ" ಎಂದಳು ಸ್ಫೂರ್ತಿ.

"ಎಣ್ಣೆ ಕಾಣದ ನೆತ್ತಿ ಒಣಗಲ್ವೇನೇ?"

"ಒಣಗಲ್ಲ."

ಆ ಮಾತು ಕಾಶಮ್ಮನ ಒಳಗೆ ಇಳಿಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಮಗಳಿಗೆ ಜೊಂಪು ಹತ್ತಿತ್ತು, ಮಲ್ಲಿಕ್ ಊಟಕ್ಕೆ ಹೋಗಿದ್ದ, ಸ್ಫೂರ್ತಿ ಬೇರೆ ವಾರ್ಡಿನಲ್ಲಿದ್ದಳು. ಕಾಶಮ್ಮ ಚಿಕ್ಕದರ ಟೊಪ್ಪಿಗೆ ತೆಗೆದು, ಬಜೆ ತೇಯ್ದ ಹರಳೆಣ್ಣೆಯನ್ನು ನೆತ್ತಿಗೆ ಒತ್ತಿದಳು. ಮೈಮೇಲಿನ ಬಟ್ಟೆ ಬಿಡಿಸಿ ಬಿಸಿನೀರಲ್ಲಿ ಅದ್ದಿದ ಅರಿವೆಯಿಂದ ಕೈಕಾಲು ಒರೆಸಿದಳು. ನೀರಿಗೆ ಮೊಣಕೈ ಇಟ್ಟೇ ನೋಡಿದ್ದಳು. ಕಾವು ಹದವಾಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ಕೂಸು ಅಳು ನಿಲ್ಲಿಸಿ ಸುಮ್ಮನಾಯಿತು. ಹಿತವಾಯಿತು ಅಂದುಕೊಂಡಳು.

ಸ್ಫೂರ್ತಿ ಬಂದವಳೇ ಕೂಸಿನ ಅಂಗಾಲಿಗೆ ಹಿಂಗೈ ಇಟ್ಟು ನೋಡಿದಳು. "ಅಜ್ಜಿ, ಏನು ಮಾಡಿದ್ರಿ? ಮಂಜುಗಡ್ಡೆ ಆಗಿದೆ!" ಎಂದು ಎತ್ತಿಕೊಂಡು ಓಡಿದಳು.

ಗಾಜಿನಾಚೆ ಬಿಸಿ ದೀಪದ ಕೆಳಗೆ ಕೂಸನ್ನು ಮಲಗಿಸಿದ್ದರು. ಕಾಶಮ್ಮ ಹೊರಗೆ ನಿಂತಳು. ಎಣ್ಣೆ ಅಂಟಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳಬೇಕೆಂದೂ ತೋಚಲಿಲ್ಲ. ಎಚ್ಚರವಾಗಿ ಗೋಡೆ ಹಿಡಿದು ಬಂದ ಮಗಳು "ಯಾಕಮ್ಮ ಹೀಗೆ ಮಾಡ್ದೆ?" ಎಂದಷ್ಟೇ ಕೇಳಿದಳು. ಬೈದಿದ್ದರೆ ಎಷ್ಟೋ ಮೇಲಿತ್ತು.

ಒಂದು ಗಂಟೆಯ ಮೇಲೆ ಸ್ಫೂರ್ತಿ ಹೊರಗೆ ಬಂದಳು. ಕೂಸು ಬೆಚ್ಚಗಾಗಿತ್ತು. ಕಾಶಮ್ಮ ಆಗಲೇ ಚೀಲ ಕಟ್ಟಿದ್ದಳು.

"ಎಲ್ಲಿಗೆ ಹೊರಟ್ರಿ?"

"ಊರಿಗೆ. ನನ್ನ ಕೈ ಇನ್ನು ಬೇಡ ಕಣೇ."

"ಕೈ ಬೇಡ, ಎದೆ ಬೇಕು. ಕೂತ್ಕೊಳ್ಳಿ. ಈ ಕೂಸಿನ ಮೈಯಲ್ಲಿ ಕೊಬ್ಬಿಲ್ಲ, ಒದ್ದೆಯಾದ್ರೆ ಕಾವು ಹಿಡಿದಿಡೋಕೆ ಬರಲ್ಲ. ನೀವು ನೀರು ಹಾಕಿದವೆಲ್ಲ ತಿಂಗಳು ತುಂಬಿದ ಕೂಸುಗಳು. ಪ್ರಿಯಾಗೆ ಹೊಲಿಗೆ ನೋವು, ಪೂರಾ ದಿನ ಎದೆಗೆ ಹಾಕ್ಕೊಂಡು ಮೈಕಾವು ಕೊಡೋಕಾಗಲ್ಲ. ನೀವೊಂದಿಷ್ಟು, ಮಲ್ಲಿಕಣ್ಣ ಒಂದಿಷ್ಟು."

ಪರದೆ ಎಳೆದು, ರವಿಕೆಯ ಗುಂಡಿ ಬಿಚ್ಚಿಸಿ, ಕೂಸನ್ನು ಬರಿಮೈಯಲ್ಲಿ ಅವಳ ಎದೆಗೆ ಕಪ್ಪೆಯ ಹಾಗೆ ಅಂಟಿಸಿ ಮೇಲೊಂದು ಬಟ್ಟೆ ಕಟ್ಟಿದಳು.

"ಈ ವಯಸ್ಸಲ್ಲಿ ರವಿಕೆ ಬಿಚ್ಚಿಸಿದ್ಯಲ್ಲೇ ಮಾರಾಯ್ತಿ!"

"ಅಲ್ಲಾಡಬೇಡಿ. ಎರಡು ಗಂಟೆ."

ನಲವತ್ತೊಂದು ವರ್ಷ ತಟ್ಟಿ, ತಿಕ್ಕಿ, ನೀವಿ, ಮೂಗು ತಿದ್ದಿದ ಕೈಗಳಿಗೆ ಈಗ ಏನೂ ಕೆಲಸವಿರಲಿಲ್ಲ. ಮೊದಲ ದಿನ ಬೆನ್ನು ಹಿಡಿಯಿತು. ಎರಡನೆಯ ದಿನ ಕೂಸಿನ ಉಸಿರು ತನ್ನ ಉಸಿರಿಗೆ ಹೊಂದುವುದು ಅವಳಿಗೆ ತಿಳಿಯತೊಡಗಿತು. ಸಂಜೆ ಮಲ್ಲಿಕನ ಸರದಿ; ಅವನು ಅಂಗಿ ಬಿಚ್ಚಿ ಕೂತರೆ ಕೂಸು ಎದೆಯ ಕೂದಲು ಹಿಡಿದು ಎಳೆಯುತ್ತಿತ್ತು.

"ಅತ್ತೆ, ಮೊಮ್ಮಗಳಿಗೆ ಬುದ್ಧಿ ಹೇಳಿ."

"ರಿಸರ್ವೇಷನ್ ಮಾಡ್ಸಿದ್ದು ನೀವೇ ಅಲ್ವಾ, ಅನುಭವಿಸಿ" ಎಂದಳು ಕಾಶಮ್ಮ. ಪ್ರಿಯದರ್ಶಿನಿ ಹೊಲಿಗೆ ಹಿಡಿದುಕೊಂಡು, "ನಗಿಸ್ಬೇಡಿ, ನೋಯುತ್ತೆ" ಎಂದು ನಕ್ಕಳು. ಎಣ್ಣೆಯ ದಿನದಿಂದ ಮಗಳು ಬಾಯಿ ತುಂಬ ನಕ್ಕಿದ್ದು ಆಗಲೇ.

ತೂಕ ಮೊದಲು ಸಾವಿರದ ಆರುನೂರಕ್ಕೆ ಇಳಿಯಿತು. ಎಲ್ಲ ಕೂಸುಗಳ ತೂಕವೂ ಮೊದಲು ಇಳಿಯುತ್ತದೆ ಎಂದು ಸ್ಫೂರ್ತಿ ಹೇಳಿದರೂ, ತನ್ನಿಂದಲೇ ಇಳಿಯಿತು ಎಂದು ಕಾಶಮ್ಮ ಆ ದಿನ ಊಟ ಬಿಟ್ಟಳು. ಆಮೇಲೆ ಹತ್ತು, ಇಪ್ಪತ್ತು, ಮೂವತ್ತು ಗ್ರಾಂ ಹೀಗೆ ಏರಿತು. ತಕ್ಕಡಿಯ ಕೆಂಪು ಅಂಕಿಗಳನ್ನು ಓದಲು ಅವಳು ಆಗಲೇ ಕಲಿತದ್ದು. ಹದಿನಾಲ್ಕನೆಯ ದಿನ ಸಾವಿರದ ಎಂಟುನೂರ ಹತ್ತು ಆಗಿ ಮನೆಗೆ ಕಳಿಸಿದರು. ಬಾಣಂತನಕ್ಕೆ ಭದ್ರಾವತಿಗೆ ಬಂದ ಮೇಲೂ ಅದೇ ಎದೆ, ಅದೇ ಬಟ್ಟೆ. ದೊಡ್ಡ ಕೂಸಿಗೂ ಅವಳು ನೀರು ಹಾಕಲಿಲ್ಲ. "ಹಾಕಿದ್ರೆ ಎರಡಕ್ಕೂ ಒಟ್ಟಿಗೆ" ಎಂದು ಕಾದಳು. ಓಣಿಯವರು "ಕಾಶಮ್ಮನ ಮನೆ ಬಚ್ಚಲೇ ಒಣಗಿದೆಯಂತೆ" ಎಂದು ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟಳು.

ಇಪ್ಪತ್ತೆರಡನೆಯ ದಿನ ಶಿವಮೊಗ್ಗಕ್ಕೆ ತೋರಿಸಲು ಹೋದಾಗ ಅಂಕಿ ಎರಡು ಸಾವಿರದ ಮೂವತ್ತಕ್ಕೆ ನಿಂತಿತು. ಡಾಕ್ಟರಮ್ಮ "ಇನ್ನು ನೀರು ಹಾಕಬಹುದು, ಬೇಗ ಮುಗಿಸಿ" ಎಂದರು.

ಮಾರನೆಯ ದಿನ ಬಿಸಿಲೇರಿದ ಮೇಲೆ ಬಚ್ಚಲಿನ ಕಿಟಕಿ ಮುಚ್ಚಿ ಕಾಶಮ್ಮ ಮಣೆ ಹಾಕಿದಳು. ದೊಡ್ಡದಕ್ಕೆ ಮುಗಿಸಿ ಮಲ್ಲಿಕನ ಕೈಗೆ ಕೊಟ್ಟಳು. ಚಿಕ್ಕದನ್ನು ಕಾಲ ಮೇಲೆ ಮಲಗಿಸಿಕೊಂಡು ನೀರಿಗೆ ಮೊಣಕೈ ಅದ್ದಿದಳು. ಆಮೇಲೆ, ಹಿಂದೆಂದೂ ಮಾಡದ ಹಾಗೆ, ಕೂಸಿನ ಅಂಗಾಲಿಗೆ ಹಿಂಗೈ ಇಟ್ಟಳು. ಚೊಂಬು ಎತ್ತಿದ ಕೈ ಮೇಲೆಯೇ ನಿಂತಿತು.

"ಹಾಕಮ್ಮ" ಎಂದಳು ಬಾಗಿಲಲ್ಲಿ ನಿಂತ ಮಗಳು. "ನಿನ್ನ ಕೈಗೆ ಕೊಡ್ತೀನಿ ಅಂದಿದ್ದೆನಲ್ಲ."

ಮೂರೇ ಚೊಂಬು ಹಾಕಿದಳು. ಕೊನೆಯದರಲ್ಲಿ ಉಳಿದ ನೀರು ನಿವಾಳಿಸಿ ಚೆಲ್ಲಿ, ಅರಿವೆಯಲ್ಲಿ ಒತ್ತಿ ಒರೆಸಿ, ಕೂಸನ್ನು ತನ್ನ ರವಿಕೆಯೊಳಗೆ ಇಳಿಸಿಕೊಂಡು, "ಕಿವಿ ಹಿಂದೆ ನೀನು ಒರೆಸೇ ಪ್ರಿಯಾ, ನನ್ನ ಕೈ ಖಾಲಿ ಇಲ್ಲ" ಎಂದಳು.

ಈಗಲೂ ಓಲ್ಡ್ ಟೌನಿನಿಂದ ಅವಳಿಗೆ ಕರೆ ಬರುತ್ತದೆ. ಮಣೆ ಕೇಳುವ ಮುಂಚೆ, ಕೂಸಿನ ತೂಕ ಎಷ್ಟು ಎಂದು ಕೇಳುತ್ತಾಳೆ.