ತಂತಿಯಲ್ಲಿ ಬಂದ ಪಾದ

ಪೀಣ್ಯದಲ್ಲಿ ಸ್ಪ್ರಿಂಗ್ ಮಾಡುವ ಒಂದು ಸಣ್ಣ ಕಾರ್ಖಾನೆ. ಅದರ ಆಫೀಸಿನಲ್ಲಿ ಕಸ ಗುಡಿಸಿ, ಟೀ ಕಾಯಿಸಿ, ಫೋನ್ ಎತ್ತುವುದು ನನ್ನ ಕೆಲಸ. ಕಂಪ್ಯೂಟರಿನ ಪಕ್ಕ ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ ಇತ್ತು, ಮುಖದ ತುಂಬ ಕೆಂಪು ದೀಪ. ಮೋಡೆಮ್ ಅನ್ನುತ್ತಿದ್ದರು. ಫೋನಿನ ತಂತಿಯೇ ಅದಕ್ಕೂ. ಪರ ಊರಿನ ಕಾಗದ ಆ ತಂತಿಯಲ್ಲಿ ಬರುತ್ತದೆ ಅಂದಾಗ, ನನ್ನನ್ನು ಆಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

ಮಗಳು ಚೊಚ್ಚಲ ಬಸುರಿ. ತವರಿಗೆ ಕರೆತರಲು ದಿನ ನೋಡಿಯಾಗಿತ್ತು. ಅಷ್ಟರಲ್ಲಿ ಹುಬ್ಬಳ್ಳಿಯ ಗಂಡನ ಮನೆಯಲ್ಲೇ ನೋವು ಬಂದು, ದಿನ ತುಂಬುವ ಮೊದಲೇ ಹೆಣ್ಣುಮಗು ಆಯಿತು. ಬೆಳಿಗ್ಗೆ ಅಳಿಯ ಆಫೀಸಿಗೇ ಫೋನ್ ಮಾಡಿದರು.

"ಅತ್ತೀ, ಕೂಸು ಆರಾಮೈತ್ರಿ."

"ಆರಾಮಿದ್ರೆ ನಿಮ್ ದನಿ ಯಾಕೆ ನಡುಗ್ತೈತೆ?"

"ಖುಷಿಗ್ರೀ!"

ನಾನು ನಂಬಲಿಲ್ಲ. ನನ್ನ ಮೊದಲ ಕೂಸೂ ಹೀಗೇ ಬೇಗ ಹುಟ್ಟಿತ್ತು. ಅದು ಹೋದ ಮೇಲೂ ಎರಡು ದಿನ "ಚೆನ್ನಾಗಿದೆ" ಎಂದೇ ನನಗೆ ಹೇಳಿದ್ದರು. ಸಂಜೆ ಹುಬ್ಬಳ್ಳಿ ಬಸ್ಸು ಹತ್ತುವ ತನಕ ಜೀವ ತಡೆಯುವುದು ಹೇಗೆ? ನನ್ನ ಮುಖ ನೋಡಿದ ಆಫೀಸಿನ ಮೇಡಂ ರಿಸೀವರ್ ಕಿತ್ತುಕೊಂಡು, "ಸಾರ್, ಆಸ್ಪತ್ರೇಲಿ ಮಗೂದು ಪಾದದ ಗುರುತು ತಗೊಂಡಿರ್ತಾರಲ್ಲ, ಅದನ್ನ ನಮಗೆ ಫ್ಯಾಕ್ಸ್ ಮಾಡಿ" ಅಂದರು.

ಸ್ವಲ್ಪ ಹೊತ್ತಿಗೆ ಫೋನ್ ಬಡಿದುಕೊಂಡಿತು. ಎರಡನೇ ರಿಂಗಿಗೆ ಎತ್ತಿ ಅಭ್ಯಾಸವಾದ ಕೈ, ಎತ್ತಿಯೇ ಬಿಟ್ಟಿತು. ಕಿವಿಯಲ್ಲಿ ಕೀಂ ಎಂಬ ಸದ್ದು.

"ಮಗು ಅಳ್ತೈತೆ! ನಾನು ನಿನ್ ಅಜ್ಜಿ ಕಣೇ!"

"ಅಯ್ಯೋ ಅಜ್ಜಿ, ಇಡಿ! ಅದು ಮಗು ಅಲ್ಲ, ಫ್ಯಾಕ್ಸು. ಲೈನ್ ಹೋಯ್ತು ನೋಡಿ!"

ನಿನ್ನೆಯವರೆಗೂ ಅಕ್ಕ ಅನ್ನುತ್ತಿದ್ದರು ಆ ಮೇಡಂ.

ಮತ್ತೆ ರಿಂಗಾದಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಪೆಟ್ಟಿಗೆ ತಾನೇ ಕಿರುಚಿತು, ಬುಸುಗುಟ್ಟಿತು, ದೀಪಗಳು ಪಟಪಟ ಮಿಟುಕಿದವು. ಆಮೇಲೆ ಪ್ರಿಂಟರಿನಿಂದ ಕಾಗದ ಗೆರೆಗೆರೆಯಾಗಿ ಇಳಿಯಿತು. ಮೊದಲು ಒಂದು ಹಿಮ್ಮಡಿ. ಆಮೇಲೆ ಅವರೆಕಾಳಿನಂಥ ಬೆರಳುಗಳು, ಐದೂ! ಆದರೆ ಹೆಬ್ಬೆರಳಿನಿಂದ ಕಾಗದದ ಅಂಚಿನವರೆಗೂ ಕಪ್ಪಗೆ ಬಳಿದಂತಿತ್ತು.

ಅಳಿಯ ಮತ್ತೆ ಫೋನ್ ಮಾಡಿದಾಗ ಎತ್ತಿಕೊಂಡ ಮೇಡಂ, "ಲೈನ್ ಸರಿಯಿಲ್ಲ" ಅಂದರು.

ಅಳಿಯ ನಕ್ಕಿದ್ದು ನನಗೂ ಕೇಳಿಸಿತು. "ಲೈನಲ್ರೀ! ಮಸಿ ಹಚ್ಚಿ ಒತ್ತೂವಾಗ ನರ್ಸಮ್ಮನ ಕೈಗೆ ಜಾಡಿಸಿ ಒದ್ದಾಳ ನಿಮ್ಮ ಮೊಮ್ಮಗಳು!"

ಒದೆಯಬೇಕಾದರೆ ಉಸಿರಿರಬೇಕು. ಹುಬ್ಬಳ್ಳಿಯಲ್ಲಿ ಒದ್ದ ಒದೆ ಪೀಣ್ಯದ ಕಾಗದದ ಮೇಲೆ ಬಂದು ಬಿದ್ದಿತ್ತಲ್ಲ! ಕಾಗದವನ್ನು ಕಣ್ಣಿಗೊತ್ತಿಕೊಂಡು ಅಳುತ್ತಲೇ ನಕ್ಕೆ. ಮೇಡಂ ಕಡೆಯಿಂದ ರಿಸೀವರ್ ಇಸಕೊಂಡು ಕೂಗಿದೆ:

"ಇನ್ನೊಂದ್ ಕಾಲೂ ಕಳ್ಸಿ ಅಳಿಯಂದ್ರೇ!"