ನೂರು ಬೀಗ, ಒಂದು ಕೀಲಿ

ಬೀಗದ ಕಾರ್ಖಾನೆಯ ಖರೀದಿ ಗುಮಾಸ್ತನಿಗೆ ಬೀಗದ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಮನೆ ಕೀಲಿ ಕಳೆದರೆ ಹೆಂಡತಿ ಬೈಯುತ್ತಾಳೆ. ಆದರೂ ಚೀನಾಕ್ಕೆ ಮಾದರಿ ಬೀಗಗಳ ಆರ್ಡರ್ ಬರೆದವನು ಅವನೇ. ಮಾದರಿ ಒಪ್ಪಿಗೆಯಾದರೆ ಜೋಡಣೆಯೆಲ್ಲ ಅಲ್ಲಿಗೆ ಹೋಗಿ, ಇಲ್ಲಿನ ಅರವತ್ತು ಮಂದಿ ಮನೆಗೆ ಹೋಗಬೇಕಿತ್ತು.

ಆ ಅರವತ್ತರಲ್ಲಿ ಒಬ್ಬಳು ಕಾರ್ಮಿಕ ಸಂಘದ ಕಾರ್ಯದರ್ಶಿ. ಎಲ್ಲರ ಬಾಯಲ್ಲೂ ಅಕ್ಕ. ಇಪ್ಪತ್ತೆರಡು ವರ್ಷ ಅಕ್ಕಿಕಾಳಿಗಿಂತ ಸಣ್ಣ ಸ್ಪ್ರಿಂಗು ಕೂರಿಸಿ ಕೂರಿಸಿ ಅವಳ ಹೆಬ್ಬೆರಳು ಚಪ್ಪಟೆಯಾಗಿತ್ತು. ಮೈಕು ಹಿಡಿದರೆ ಬೆವರುತ್ತಿದ್ದಳು. ಆದರೆ ಅವಳು ಒಪ್ಪದ ಬೀಗ ಗೇಟು ದಾಟುತ್ತಿರಲಿಲ್ಲ.

ಮಾದರಿಯ ನೂರು ಬೀಗ ಪರೀಕ್ಷೆಗೆ ಬಂದಾಗ ಅಕ್ಕನ ಮೇಜಿನ ಸುತ್ತ ಜನ ನೆರೆದರು.

"ತಗಡು ಮಾಲು ಅಂತ ಬರೆದುಬಿಡಕ್ಕ, ಮುಗೀತು," ಎಂದ ಪಾಲಿಶ್ ಮಾಡುವವನು.

ಅಕ್ಕ ಒಂದನ್ನು ಬಿಚ್ಚಿ ನೋಡಿದಳು. "ಯಾಕೆ ಬರೀಲಿ? ಕೈಕೆಲಸ ಚೆನ್ನಾಗಿದೆ. ಅಲ್ಲೂ ನನ್ನಂಥೋಳೇ ಒಬ್ಬಳು ಕಣ್ಣು ಸವೆಸಿದಾಳೆ."

"ನೀನು ಯಾರ ಕಡೆ ಅಕ್ಕ?"

"ಬೀಗ ಕೊಳ್ಳೋರ ಕಡೆ. ಅವರಿದ್ರೆ ತಾನೆ ನೀನು, ನಾನು."

ಆ ಕಾರ್ಖಾನೆಯಲ್ಲೊಂದು ರೂಢಿ: ಬೀಗ ಮುಗಿದ ಮೇಲೆ ಅದರ ಕೀಲಿಯನ್ನು ಪಕ್ಕದ ಮೇಜಿನ ಬೀಗಕ್ಕೂ ಹಾಕಿ ನೋಡುವುದು. ತೆರೆಯಬಾರದು. ಊಟದ ಬಿಡುವಿನಲ್ಲಿ ಅಕ್ಕ ಒಂದೇ ಕೀಲಿಯನ್ನು ನೂರಕ್ಕೂ ಹಾಕುತ್ತ ಹೋದಳು. ಹತ್ತು ಬೀಗ ತೆರೆದುಕೊಂಡವು.

ಗುಮಾಸ್ತ ತನ್ನ ಆರ್ಡರಿನ ಪ್ರತಿ ತೆಗೆದು ನೋಡಿದ. ದರ ಇಳಿಯಲೆಂದು 'ಕೀಲಿ ಹತ್ತು ಬಗೆ ಸಾಕು' ಎಂದು ಆರ್ಡರಿಗೆ ಸೇರಿಸಿದ ಜಾಣ ಅವನೇ. ಮ್ಯಾನೇಜರ್ ಬೆನ್ನು ತಟ್ಟಿದ್ದಕ್ಕೆ ಎರಡು ದಿನ ನೆಲದ ಮೇಲೆ ಕಾಲಿಟ್ಟಿರಲಿಲ್ಲ.

ಸಭೆಯಲ್ಲಿ ಮ್ಯಾನೇಜರ್, "ಚೀನಾದವರು ಮೋಸ ಮಾಡಿದಾರೆ. ಅಲ್ಲೇ ಬೇರೆ ಕಂಪನಿ ನೋಡೋಣ," ಎಂದರು. ಹೂಂ ಅಂದಿದ್ದರೆ ಸಂಘಕ್ಕೆ ಆರು ತಿಂಗಳ ಉಸಿರು ಸಿಗುತ್ತಿತ್ತು, ಗುಮಾಸ್ತನ ಮಾನವೂ ಉಳಿಯುತ್ತಿತ್ತು.

ಅಕ್ಕ ಹೂಂ ಅನ್ನಲಿಲ್ಲ. "ಸುಮ್ನೆ ಅವರ ಹೊಟ್ಟೆ ಮೇಲೆ ಹೊಡೀಬೇಡಿ ಸಾರ್. ಕೇಳಿದ್ದನ್ನೇ ಕಳಿಸಿರ್ತಾರೆ. ಆರ್ಡರ್ ಓದಿಸಿ."

ಗುಮಾಸ್ತ ಎದ್ದು ಓದಿದ. "ಬರೆದದ್ದು ನಾನೇ," ಎಂದೂ ಹೇಳಿದ.

"ಒಂದರ ಕೀಲಿ ಇನ್ನೊಂದಕ್ಕೆ ಹೊಂದಬಾರದು ಅಂದ್ರೆ ದರ ಎಷ್ಟಾಗತ್ತೆ ತಮ್ಮ?"

"ಹೆಚ್ಚೂಕಡಿಮೆ ನಮ್ಮಷ್ಟೇ ಅಕ್ಕ. ಹಡಗಿನ ಬಾಡಿಗೆ ಬೇರೆ."

ಮ್ಯಾನೇಜರ್ ಎರಡೂ ದರ ಪಕ್ಕಪಕ್ಕ ಬರೆದು ಲೆಕ್ಕ ಹಾಕಿದರು. ಕೊನೆಗೆ, ಹೊರಕವಚ ಮಾತ್ರ ಅಲ್ಲಿಂದ ಬರುವುದು, ಜೋಡಣೆ ಇಲ್ಲೇ ಎಂದು ತೀರ್ಮಾನವಾಯಿತು. ಅರವತ್ತೂ ಮಂದಿ ಉಳಿದರು.

ಬೈಸಿಕೊಳ್ಳಲು ಗುಮಾಸ್ತ ಬಾಗಿಲಲ್ಲೇ ನಿಂತಿದ್ದ. "ಮುಂದಿನ ಆರ್ಡರ್ ಬರೆಯೋ ಮುಂಚೆ ಒಂದು ವಾರ ನಮ್ ಜೊತೆ ಕೂತ್ಕೋ," ಎಂದಳು ಅಕ್ಕ.

ಕೂತ. ಮೊದಲ ದಿನ ಅವನು ಜೋಡಿಸಿದ್ದು ಮೂರು ಬೀಗ. ಮಿಕ್ಕ ಹೊತ್ತೆಲ್ಲ ಮೇಜಿನ ಕೆಳಗೆ ಸ್ಪ್ರಿಂಗು ಹುಡುಕಿದ. ಅಕ್ಕ ನಗಲಿಲ್ಲ. ತನ್ನ ಕನ್ನಡಕ ತೆಗೆದು ಅವನಿಗೆ ಕೊಟ್ಟಳು.