ಸೇಡಿಗೆ ರಜೆ ಇದ್ದ ಶನಿವಾರ

ಭದ್ರಾವತಿಯ ಸಂತೆ ಬೀದಿಯಲ್ಲಿ, ನನ್ನ ಕಣ್ಣೆದುರೇ, ಹಾಡಹಗಲೇ ನನ್ನ ಮೈದುನನನ್ನು ಒಬ್ಬ ಮಚ್ಚಿನಿಂದ ಕೊಚ್ಚಿದ. ಬೈಕು ತಾಗಿದ್ದಕ್ಕೆ ಶುರುವಾದ ಜಗಳ. ಅಡ್ಡ ಹಿಡಿದ ಕೈಯ ಬೆರಳುಗಳು ಚರಂಡಿ ಕಲ್ಲಿನ ಮೇಲೆ ಬಿದ್ದಿದ್ದವು. ಆಯ್ದು ಟವೆಲಿನಲ್ಲಿ ಸುತ್ತಿಕೊಂಡವಳು ನಾನೇ. ಶಿವಮೊಗ್ಗದ ಆಸ್ಪತ್ರೆಗೆ ಒಯ್ಯುವಾಗ, ನನ್ನ ತವರು ಮಲವಗೊಪ್ಪದಲ್ಲಿ ಉಸಿರು ನಿಂತಿತು. ಸಂತೆ ಬೀದಿಯಲ್ಲಿ ಮೊಬೈಲು ಹಿಡಿದು ವಿಡಿಯೋ ಮಾಡುತ್ತ ನಿಂತವರನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ಲಿಂಗಾಯತರ ಮಗಳು. ಮೆಚ್ಚಿ ಸೇರಿದ್ದು ಯಹೂದಿಗಳ ಮನೆ. ಮಾವ ಮುಂಬೈ ಕಡೆಯವರು, ಕಾರ್ಖಾನೆ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಅವರ ಪ್ರಾರ್ಥನಾಮಂದಿರ ಈ ಊರಲ್ಲಿಲ್ಲ. ಶನಿವಾರ ಅವರ ಸಬ್ಬತ್, ಕೆಲಸ ಬಿಟ್ಟು ದೇವರನ್ನು ನೆನೆಯುವ ದಿನ. ಮಾವ ಬಿಳಿ ಶಾಲು ಹೊದ್ದು ನಡುಮನೆಯಲ್ಲೇ ಒಬ್ಬರೇ ಪ್ರಾರ್ಥಿಸುತ್ತಾರೆ. ಆ ಪ್ರಾರ್ಥನೆಗಳಲ್ಲೊಂದು, ಧರ್ಮಕ್ಕಾಗಿ ಕೊಲೆಯಾದವರ ನೆನಪಿನದು. ಚೆಲ್ಲಿದ ರಕ್ತಕ್ಕೆ ನೀನೇ ಸೇಡು ತೀರಿಸು ಎಂದು ದೇವರನ್ನು ಕೇಳುವುದು. ಮಾವ ತಮ್ಮ ಮಗನನ್ನೂ ಅದರೊಳಗೆ ಸೇರಿಸಿಕೊಂಡಿದ್ದರು.

ಕೊಂದವನು ಜಾಮೀನಿನ ಮೇಲೆ ಹೊರಬಂದ. ಒಂದು ಶನಿವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಬೈಕು ನಿಲ್ಲಿಸಿ, "ಕೇಸು ವಾಪಸ್ ತಗೊಳ್ಳಿ. ಇಲ್ಲಾಂದ್ರೆ ಇನ್ನೊಬ್ಬ ಮಗನೂ ಹೋಗ್ತಾನೆ" ಅಂದ.

ನನ್ನ ಗಂಡ ಕಬ್ಬಿಣದ ಸಲಾಕೆ ಹಿಡಿದು ನುಗ್ಗಿದರು. ಮೊದಲ ಏಟಿಗೇ ಅವನ ಮೊಣಕಾಲು ಲಟಕ್ಕೆಂದಿತು. ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದರು. ರಕ್ತದ ಜೊತೆ ಹಲ್ಲೂ ಬಂತು. ಸಲಾಕೆಯನ್ನು ತಲೆಗೆ ಗುರಿಯಿಟ್ಟು ಎತ್ತಿದಾಗ, ಬೀಳಲಿ ಎಂದೇ ನಾನು ಹಾರೈಸಿದೆ.

ಮಾವ ಶಾಲು ಹೊದ್ದೇ ಹೊರಗೆ ಬಂದರು.

"ಬಿಡು. ಇವತ್ತು ಅದಿಲ್ಲ."

"ಏನಿಲ್ಲ?"

"ಅಮಾವಾಸ್ಯೆ ಹತ್ತಿರ ಬಂತು. ಹೊಸ ತಿಂಗಳನ್ನ ಹರಸೋ ಶನಿವಾರ ಇದು. ಸೇಡಿನ ಪ್ರಾರ್ಥನೆ ಇವತ್ತು ಹೇಳೋ ಹಾಗಿಲ್ಲ. ನಾನೇ ದೇವರನ್ನ ಕೇಳಿಲ್ಲ."

ನಮ್ಮಲ್ಲಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಇವರು ಸತ್ತವರ ಪ್ರಾರ್ಥನೆಗೇ ರಜೆ ಕೊಡುತ್ತಾರೆ. ಇದೆಂಥ ಪದ್ಧತಿ ಎಂದು ಸಿಟ್ಟು ನೆತ್ತಿಗೇರಿತು.

"ಹಾಗಾದ್ರೆ ಮುಂದಿನ ವಾರ ಕೊಲ್ತೀನಿ" ಅಂದರು ಗಂಡ.

"ಮುಂದಿನ ವಾರ ನಾನು ಕೇಳ್ತೀನಿ. ಕೇಳೋದಷ್ಟೇ ನಮ್ಮ ಕೆಲಸ. ನನಗೆ ಉಳಿದಿರೋನು ನೀನೊಬ್ಬನೇ ಕಣೋ."

ಸಲಾಕೆ ಕೆಳಗಿಳಿಯಿತು. ಅವನು ರಸ್ತೆಯುದ್ದಕ್ಕೂ ರಕ್ತ ಸುರಿಸುತ್ತ ತೆವಳಿಕೊಂಡು ಹೋದ.

ಮುಂದಿನ ಶನಿವಾರ ಮಾವ ಬೀದಿಗೆ ಕೇಳುವ ಹಾಗೆ ಆ ಪ್ರಾರ್ಥನೆ ಹೇಳಿದರು. ಹೀಬ್ರೂ ನನಗೆ ಒಂದಕ್ಷರ ಬಾರದು. ಅಡುಗೆಮನೆಯಿಂದ ಬಂದು ಅವರ ಹಿಂದೆ ನಿಂತೆ. ಮುಗಿದಾಗ, ಗಂಡನಿಗಿಂತ ಮೊದಲು, ನಾನೇ "ಆಮೆನ್" ಅಂದೆ.